ಮೊಣಕಾಲು ನೋವಿನ ಇಂಗ್ಲಿಷ್ ಪ್ರಶ್ನಾವಳಿಯನ್ನು ಅನುವಾದ ಮಾಡಿಸಿ ಉಡುಪಿಯ ರೋಗಿಗಳಿಗೆ ಕೊಟ್ಟರೆ ಸಾಕಾ?

ಫಿಸಿಯೋಥೆರಪಿ ಪಿಜಿ ಪ್ರಾಜೆಕ್ಟಿಗೆ ವೊಮ್ಯಾಕ್ (WOMAC, ಕೀಲುನೋವು ಎಷ್ಟು ತೊಂದರೆ ಕೊಡುತ್ತಿದೆ ಅಂತ ಅಂಕ ಹಾಕಿ ಅಳೆಯುವ ಪ್ರಶ್ನಾವಳಿ) ಬಳಸಬೇಕು, ಕನ್ನಡ ಚೆನ್ನಾಗಿ ಬರುವ ಒಬ್ಬರು ಅನುವಾದ ಮಾಡಿಕೊಟ್ಟರೆ ಸಾಕಾ ಅಂತ ಕೇಳಿದ್ದೀರಿ. ಸಾಕಾಗುವುದಿಲ್ಲ. ಉಡುಪಿ ಕಡೆ ಇಂಥ ಅಧ್ಯಯನಗಳಲ್ಲಿ ರೋಗಿಗಳ ಪಕ್ಕ ಕೂತು ಪ್ರಶ್ನೆ ಕೇಳುವ ಕೆಲಸ ನಾನು ಮಾಡಿದ್ದೇನೆ. ಆ ಅನುಭವದಿಂದ ಹೇಳುತ್ತಿದ್ದೇನೆ.

ಮೊದಲು ಕನ್ನಡದ್ದು ಈಗಾಗಲೇ ಇದೆಯಾ ಅಂತ ಹುಡುಕಿ. ವೊಮ್ಯಾಕ್‌ಗೆ ಹಕ್ಕುದಾರರ ಅನುಮತಿ ಬೇಕು. ಕೂಸ್ (KOOS) ಅಂತ ಮೊಣಕಾಲಿನದೇ ಇನ್ನೊಂದು ಪ್ರಶ್ನಾವಳಿ ಇದೆ, ಅದು ಉಚಿತವಾಗಿ ಸಿಗುತ್ತದೆ.

ಈಗ ಪ್ರಶ್ನೆಗಳನ್ನೇ ನೋಡಿ. ವೊಮ್ಯಾಕ್‌ನಲ್ಲಿ ಒಟ್ಟು 24 ಪ್ರಶ್ನೆ, ಅದರಲ್ಲಿ 17 ದಿನನಿತ್ಯದ ಕೆಲಸದ ಬಗ್ಗೆ. ಆ 17ರಲ್ಲಿ ಕಾಲುಚೀಲ ಹಾಕುವುದು ಒಂದು, ತೆಗೆಯುವುದು ಇನ್ನೊಂದು. ಬಾತ್‌ಟಬ್ಬಿಗೆ ಇಳಿದು ಹತ್ತುವುದು, ಕಾರು ಹತ್ತಿ ಇಳಿಯುವುದು ಬೇರೆ. ಬೀಡಿ ಕಟ್ಟುವ ಅಮ್ಮನ ಹತ್ತಿರ ಕಾಲುಚೀಲದ ಬಗ್ಗೆ ಕೇಳಿದರೆ, ‘ನಾವು ಅದೆಲ್ಲ ಹಾಕೋದಿಲ್ಲ’ ಅನ್ನುತ್ತಾರೆ. ಕೇಳುವವರು ‘ಕಷ್ಟ ಇಲ್ಲ’ ಅಂತ ಸೊನ್ನೆ ಬರೆದುಕೊಂಡರೆ, ಕಾಗದದ ಮೇಲೆ ಆಕೆಯ ಕಾಲು ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಬೀಡಿ ಕಟ್ಟುವುದು, ಹೆರೆಮಣೆ ಮೇಲೆ ಕೂತು ಕಾಯಿ ತುರಿಯುವುದು, ಬಾವಿಯಿಂದ ನೀರು ಸೇದುವುದು, ಎತ್ತರದ ಮೆಟ್ಟಿಲಿನ ಬಸ್ಸು ಹತ್ತುವುದು: ಇದ್ಯಾವುದೂ ಅದರಲ್ಲಿಲ್ಲ. ಕೂಸ್‌ನಲ್ಲಿ ಕುಕ್ಕರಗಾಲಲ್ಲಿ ಕೂರುವ ಪ್ರಶ್ನೆ ಇದೆ. ಆದರೆ ಎಲ್ಲಿ ಗೊತ್ತಾ? ಆಟ ಮತ್ತು ಮನರಂಜನೆಯ ಭಾಗದಲ್ಲಿ, ಓಡುವುದು, ಹಾರುವುದರ ಜೊತೆ! ನಮ್ಮಲ್ಲಿ ಅದು ಬೆಳಿಗ್ಗೆ ಎದ್ದು ಪಾಯಿಖಾನೆಗೆ ಹೋಗುವ ವಿಷಯ.

ಹಾಗಂತ ನಿಮಗೆ ಬೇಕಾದ ಹಾಗೆ ಪ್ರಶ್ನೆ ಬದಲಾಯಿಸಿದರೆ ಬೇರೆ ಊರಿನ ಅಂಕಗಳ ಜೊತೆ ಹೋಲಿಸಲು ಬರುವುದಿಲ್ಲ. ಅದಕ್ಕೇ ಒಂದು ಕ್ರಮ ಇದೆ. ಪ್ರಶ್ನಾವಳಿಯನ್ನು ಬೇರೆ ಭಾಷೆಗೆ ತರುವುದು ಹೇಗೆ ಅಂತ 2000ದಲ್ಲಿ ಬೀಟನ್ ಎಂಬ ಸಂಶೋಧಕರು ಮತ್ತು ಜೊತೆಗಾರರು ಪ್ರಕಟಿಸಿದ ಮಾರ್ಗಸೂಚಿಯನ್ನೇ ಜಾಸ್ತಿ ಜನ ಅನುಸರಿಸುತ್ತಾರೆ. ಇಬ್ಬರು ಬೇರೆ ಬೇರೆಯಾಗಿ ಅನುವಾದ ಮಾಡಬೇಕು, ಒಬ್ಬರಿಗೆ ವಿಷಯ ಗೊತ್ತಿರಬೇಕು, ಇನ್ನೊಬ್ಬರು ವೈದ್ಯಕೀಯದವರಾಗಿರಬಾರದು. ಎರಡನ್ನೂ ಸೇರಿಸಿ ಒಂದು ಮಾಡಬೇಕು. ಮೂಲವನ್ನು ನೋಡದ ಇಬ್ಬರು ಅದನ್ನು ಮತ್ತೆ ಇಂಗ್ಲಿಷಿಗೆ ತರಬೇಕು. ಸಮಿತಿ ಕೂತು ತೀರ್ಮಾನಿಸಬೇಕು. ಆಮೇಲೆ 30ರಿಂದ 40 ರೋಗಿಗಳ ಮೇಲೆ ಪರೀಕ್ಷಿಸಬೇಕು.

ಈ ಕೊನೆಯದನ್ನು ದಯವಿಟ್ಟು ಗಡಿಬಿಡಿಯಲ್ಲಿ ಮುಗಿಸಬೇಡಿ. ಉತ್ತರ ಬರೆದುಕೊಂಡು ಮುಂದೆ ಹೋಗುವುದಲ್ಲ. ‘ಈ ಪ್ರಶ್ನೆ ಕೇಳಿದಾಗ ನಿಮಗೆ ಯಾವ ಕೆಲಸ ನೆನಪಾಯ್ತು?’ ಅಂತ ಒಂದೊಂದಕ್ಕೂ ಕೇಳಿ. ‘ಭಾರದ ಮನೆಕೆಲಸ’ ಅಂದರೆ ಒಬ್ಬರಿಗೆ ದನದ ಹಟ್ಟಿ ತೊಳೆಯುವುದು, ಇನ್ನೊಬ್ಬರಿಗೆ ಗ್ಯಾಸ್ ಸಿಲಿಂಡರ್ ಎಳೆಯುವುದು. ಸೊಸೆ ಪಕ್ಕದಲ್ಲಿ ಕೂತಿದ್ದರೆ ಅತ್ತೆಯವರು ಎಲ್ಲದಕ್ಕೂ ತುಳುವಿನಲ್ಲಿ ‘ದಾಲ ತೊಂದರೆ ಇಜ್ಜಿ’ (ಏನೂ ತೊಂದರೆ ಇಲ್ಲ) ಅಂತಲೇ ಹೇಳಿಬಿಡುವುದನ್ನು ನೋಡಿದ್ದೇನೆ. ಅದೇ ಅಮ್ಮ ಒಬ್ಬರೇ ಸಿಕ್ಕಿದಾಗ, ಬಚ್ಚಲಲ್ಲಿ ಗೋಡೆ ಹಿಡಿಯದೆ ಏಳಲಾಗುವುದಿಲ್ಲ ಅಂದರು. ಸಾಧ್ಯವಾದರೆ ಒಬ್ಬೊಬ್ಬರನ್ನೇ ಕೂರಿಸಿ ಕೇಳಿ.

ಇನ್ನೊಂದು, ನಿಮ್ಮ ಪ್ರಶ್ನೆಯಲ್ಲಿ ಬರದೇ ಇದ್ದದ್ದು. ಉಡುಪಿಯಲ್ಲಿ ಬಹಳ ಜನರಿಗೆ ಮನೆಮಾತು ತುಳು ಅಥವಾ ಕೊಂಕಣಿ. ಅವರು ಕನ್ನಡ ಓದುತ್ತಾರೆ, ಆದರೆ ನೋವನ್ನು ಹೇಳುವುದು ಮನೆಮಾತಿನಲ್ಲಿ. ಸಂದರ್ಶಕರು ಅಲ್ಲೇ ಬಾಯಲ್ಲಿ ತುಳುವಿಗೆ ತಿರುಗಿಸಿಬಿಡುತ್ತಾರೆ, ಒಬ್ಬೊಬ್ಬರು ಒಂದೊಂದು ಥರ. ಆಗ ಎಲ್ಲರಿಗೂ ಕೇಳಿದ್ದು ಒಂದೇ ಪ್ರಶ್ನೆ ಅನ್ನಲಾಗುವುದಿಲ್ಲ, ಅಲ್ವಾ? ತುಳು ಪ್ರಶ್ನೆಗಳನ್ನೂ ಕನ್ನಡ ಲಿಪಿಯಲ್ಲಿ ಬರೆಸಿ, ಅದಕ್ಕೂ ಇದೇ ಕ್ರಮ ಅನುಸರಿಸಿ. ಕೆಲಸ ಜಾಸ್ತಿಯಾಗುತ್ತದೆ. ಆದರೂ ಗೈಡ್ ಹತ್ತಿರ ಈಗಲೇ ಮಾತಾಡಿ.

ಒಂದೆರಡು ವಾರ ಬಿಟ್ಟು ಅದೇ ರೋಗಿಗಳಿಗೆ ಅದೇ ಪ್ರಶ್ನೆ ಮತ್ತೆ ಕೇಳಿ, ಉತ್ತರ ಸ್ಥಿರವಾಗಿದೆಯಾ ಅಂತಲೂ ನೋಡಬೇಕಾಗುತ್ತದೆ. ಅದನ್ನು ಜೂನ್, ಜುಲೈನಲ್ಲಿ ಇಟ್ಟುಕೊಳ್ಳಬೇಡಿ. ಆಗ ಗದ್ದೆಯಲ್ಲಿ ನೇಜಿ (ಭತ್ತದ ಸಸಿ) ನೆಡುವ ಕೆಲಸ. ದಿನವಿಡೀ ಕೆಸರಲ್ಲಿ ಬಗ್ಗಿ ನಿಂತವರ ಮೊಣಕಾಲು ಎರಡು ವಾರದಲ್ಲಿ ನಿಜವಾಗಿಯೂ ಬದಲಾಗಿರುತ್ತದೆ, ನೀವು ಪ್ರಶ್ನಾವಳಿಯದೇ ದೋಷ ಅಂದುಕೊಳ್ಳುತ್ತೀರಿ.