ನಾಲ್ಕು ಥ್ರೆಡ್, ಒಂದು ಲೆಕ್ಕ

ಪ್ರಶ್ನೆ: ಸರ್, ನಾನು ಎಂಜಿನಿಯರಿಂಗ್ ಮೂರನೇ ವರ್ಷದವನು. ಸಿ ಭಾಷೆಯಲ್ಲಿ ನಾಲ್ಕು ಥ್ರೆಡ್ (ಒಂದೇ ಪ್ರೋಗ್ರಾಂನಲ್ಲಿ ಒಟ್ಟೊಟ್ಟಿಗೆ ಓಡುವ ಎಳೆಗಳು) ಮಾಡಿ, ಒಂದೇ ವೇರಿಯಬಲ್‌ಗೆ ಪ್ರತಿಯೊಂದೂ ಹತ್ತು ಲಕ್ಷ ಸಲ ಒಂದೊಂದು ಕೂಡುವಂತೆ ಬರೆದೆ. 40 ಲಕ್ಷ ಬರಬೇಕು. ಒಂದು ಸಲ 17 ಲಕ್ಷ ಚಿಲ್ಲರೆ, ಇನ್ನೊಂದು ಸಲ 22 ಲಕ್ಷ ಚಿಲ್ಲರೆ ಬರುತ್ತದೆ. ವೊಲಟೈಲ್ ಹಾಕಿದರೂ ಅದೇ ಕಥೆ. ಮ್ಯೂಟೆಕ್ಸ್ (ಒಮ್ಮೆಗೆ ಒಂದೇ ಥ್ರೆಡ್ಡನ್ನು ಒಳಬಿಡುವ ಬೀಗ) ಹಾಕಿದರೆ ಲೆಕ್ಕ ಸರಿ, ಪ್ರೋಗ್ರಾಂ ಮಾತ್ರ ಆಮೆ. ಆಟಾಮಿಕ್ ಬಳಸು ಎನ್ನುತ್ತಾರೆ ಸೀನಿಯರ್. ಏನದು?
– ವಿದ್ಯಾರ್ಥಿ, ಮದ್ದೂರು

ಉತ್ತರ: ನಿಮ್ಮೂರ ಹಾಲಿನ ಡೇರಿಗೆ ಬನ್ನಿ. ಒಂದೇ ರಿಜಿಸ್ಟರು, ಬರೆಯುವವರು ಇಬ್ಬರು. ಮೊದಲನೆಯವರು 'ಒಟ್ಟು 240' ಓದಿಕೊಂಡು ಹಾಲು ಅಳೆಯಲು ತಿರುಗಿದರು. ಅಷ್ಟರಲ್ಲಿ ಎರಡನೆಯವರೂ 240 ಓದಿ, ತಮ್ಮ 5 ಲೀಟರ್ ಸೇರಿಸಿ 245 ಬರೆದರು. ಮೊದಲನೆಯವರು ವಾಪಸ್ ಬಂದು, ತಲೆಯಲ್ಲಿದ್ದ 240ಕ್ಕೆ 8 ಕೂಡಿ 248 ಎಂದು ಹೊಡೆದುಹಾಕಿ ಬರೆದರು. 5 ಲೀಟರ್ ನೀರುಪಾಲು! ನೀವು ಬರೆಯುವ ಪ್ಲಸ್ ಪ್ಲಸ್ ಕಣ್ಣಿಗೆ ಒಂದೇ ಕೆಲಸ. ಒಳಗೆ ಓದು, ಕೂಡು, ಬರೆ ಎಂದು ಮೂರು. ವೊಲಟೈಲ್ ಹೇಳುವುದು 'ಪ್ರತಿ ಸಲ ಮೆಮೊರಿಯನ್ನೇ, ಅಂದರೆ ಡೇರಿಯ ಪುಸ್ತಕವನ್ನೇ ನೋಡು' ಎಂದಷ್ಟೇ. ನಡುವೆ ಇನ್ನೊಬ್ಬರು ಕೈಹಾಕುವುದನ್ನು ಅದು ತಡೆಯುವುದಿಲ್ಲ.

2011ರ ಸಿ ಸ್ಟ್ಯಾಂಡರ್ಡ್‌ನಲ್ಲಿ ಬಂದ ಆಟಾಮಿಕ್, ಈ ಮೂರನ್ನೂ ಒಂದೇ ಏಟಿಗೆ ಮುಗಿಸುತ್ತದೆ. ವೇರಿಯಬಲ್ಲನ್ನು ಆಟಾಮಿಕ್ ಇಂಟ್ ಎಂದು ಘೋಷಿಸಿ, ಆಟಾಮಿಕ್ ಫೆಚ್ ಆಡ್‌ನಿಂದ ಕೂಡಿ. ಪ್ಲಸ್ ಪ್ಲಸ್ ಕೂಡ ಆಗ ಸುರಕ್ಷಿತ. ಆದರೆ 'ಕೌಂಟ್ ಈಕ್ವಲ್ ಟು ಕೌಂಟ್ ಪ್ಲಸ್ ಒಂದು' ಎಂದು ಬಿಡಿಸಿ ಬರೆದಿರೋ, ಓದುವುದು ಬೇರೆ, ಬರೆಯುವುದು ಬೇರೆಯಾಗಿ ಮತ್ತೆ ಡೇರಿಯ ಕಥೆಯೇ. ಇಲ್ಲಿ ಎಡವದವರನ್ನು ನಾನಂತೂ ನೋಡಿಲ್ಲ.

ನಾನು ಎಡವಿದ್ದು ಇನ್ನೂ ಚೆನ್ನಾಗಿತ್ತು. ಮೈಸೂರಿನಲ್ಲಿ ದಸರಾ ಹೊತ್ತಿಗೆ ಒಂದು ಪಾರ್ಕಿಂಗ್ ಜಾಗಕ್ಕೆ ಬೋರ್ಡಿನ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಎರಡು ಗೇಟು, ಗೇಟಿಗೊಂದು ಥ್ರೆಡ್, ಉಳಿದ ಜಾಗದ ಲೆಕ್ಕ ಆಟಾಮಿಕ್. ಸೊನ್ನೆಗಿಂತ ಹೆಚ್ಚಿದ್ದರೆ ಒಂದು ಕಳೆ – ಇಷ್ಟೇ ಕೋಡು. ಜಂಬೂ ಸವಾರಿಯ ದಿನ ಒಂದೇ ಜಾಗ ಉಳಿದಿದ್ದಾಗ ಎರಡೂ ಗೇಟಿಗೆ ಒಟ್ಟಿಗೆ ಕಾರು ಬಂತು. ಇಬ್ಬರೂ 'ಒಂದಿದೆ' ಎಂದು ನೋಡಿದರು, ಇಬ್ಬರೂ ಕಳೆದರು. ವೇರಿಯಬಲ್ ಅನ್‌ಸೈನ್ಡ್, ಅಂದರೆ ಮೈನಸ್ ಗೊತ್ತಿಲ್ಲದ್ದು; ಸೊನ್ನೆಯಿಂದ ಒಂದು ಕಳೆದರೆ ತನ್ನ ಅತಿ ದೊಡ್ಡ ಸಂಖ್ಯೆಗೆ ಜಿಗಿಯುತ್ತದೆ. ಬೋರ್ಡಿನ ಮೇಲೆ ಖಾಲಿ ಜಾಗ 4294967295! ಅಷ್ಟು ಕಾರು ಇಡೀ ಜಿಲ್ಲೆಯಲ್ಲಿ ನಿಲ್ಲಿಸಲಾಗದು. ಗೇಟಿನವರು ಫೋನಿನಲ್ಲಿ ಬೈದದ್ದನ್ನು ಇಲ್ಲಿ ಬರೆಯಲಾರೆ.

ನೋಡುವುದು ಆಟಾಮಿಕ್, ಕಳೆಯುವುದು ಆಟಾಮಿಕ್. ಎರಡರ ನಡುವಿನ ಸಂದು ಅಲ್ಲ. ಅದಕ್ಕೇ ಕಂಪೇರ್ ಎಕ್ಸ್‌ಚೇಂಜ್ ಇರುವುದು: 'ನಾನು ನೋಡಿದಾಗ 1 ಇತ್ತು, ಈಗಲೂ 1 ಇದ್ದರೆ ಮಾತ್ರ 0 ಮಾಡು'. ಬದಲಾಗಿದ್ದರೆ ಹೊಸ ಬೆಲೆಯನ್ನು ನಿಮ್ಮ ಕೈಗೇ ಕೊಡುತ್ತದೆ. ಅದು ಸೊನ್ನೆಯಾಗಿದ್ದರೆ ಗೇಟು ಹಾಕಿ, ಇಲ್ಲವಾದರೆ ಲೂಪಿನಲ್ಲಿ ಮತ್ತೆ ಯತ್ನಿಸಿ. ಎರಡು ಮೂರು ವೇರಿಯಬಲ್ ಒಟ್ಟಿಗೆ ಬದಲಾಗಬೇಕಾದರೆ ಈ ಸಾಹಸ ಬೇಡ, ಮ್ಯೂಟೆಕ್ಸೇ ವಾಸಿ.

ಇನ್ನು ವೇಗ. ಆಟಾಮಿಕ್ ಆದರೂ ಪ್ರೊಸೆಸರಿನ ನಾಲ್ಕು ಕೋರುಗಳು ಅದೇ ಕ್ಯಾಶ್ ಲೈನಿಗೆ (ತಮ್ಮ ಹತ್ತಿರ ಇಟ್ಟುಕೊಳ್ಳುವ ಮೆಮೊರಿ ತುಣುಕಿಗೆ) 40 ಲಕ್ಷ ಸಲ ಕಿತ್ತಾಡುತ್ತವೆ, ಪುಕ್ಕಟೆಯಲ್ಲ. ಪ್ರತಿ ಥ್ರೆಡ್ಡೂ ತನ್ನದೇ ಲೋಕಲ್ ವೇರಿಯಬಲ್ಲಿನಲ್ಲಿ ಎಣಿಸಿ, ಕೊನೆಗೆ ಒಂದೇ ಸಲ ಫೆಚ್ ಆಡ್ ಮಾಡಲಿ, ನಾಲ್ಕೇ ಕೂಡಿಕೆ. ಪ್ರತಿ ಥ್ರೆಡ್ಡಿನ ಮೊತ್ತವನ್ನೂ ಬೇರೆ ಬೇರೆ ಇಟ್ಟುಕೊಂಡು, ಎಲ್ಲ ಥ್ರೆಡ್ಡುಗಳನ್ನೂ ಜಾಯಿನ್ ಮಾಡಿದ (ಮುಗಿಯುವವರೆಗೆ ಕಾದ) ಮೇಲೆ ಮೇನ್‌ನಲ್ಲೇ ಕೂಡಿದರೆ ಆಟಾಮಿಕ್ ಕೂಡ ಬೇಕಿಲ್ಲ.

ಒಂದು ಮಾತು ಮರೆತಿದ್ದೆ: ವೊಲಟೈಲ್ ತೆಗೆದು ಆಪ್ಟಿಮೈಸೇಷನ್ (ಕೋಡನ್ನು ವೇಗವಾಗಿಸುವ ಆಯ್ಕೆ) ಹಾಕಿ ಕಂಪೈಲ್ ಮಾಡಿದರೆ ನಿಮ್ಮ ಹಳೆಯ ಕೋಡು 40 ಲಕ್ಷವನ್ನೇ ತೋರಿಸಬಹುದು. ಕಂಪೈಲರ್ ಇಡೀ ಲೂಪನ್ನು ಒಂದೇ ಕೂಡಿಕೆಯಾಗಿ ಮಡಚಿರುತ್ತದೆ, ಅಷ್ಟೇ. ತಪ್ಪು ಅಲ್ಲೇ ಕೂತಿರುತ್ತದೆ. ಜಿಸಿಸಿ ಅಥವಾ ಕ್ಲ್ಯಾಂಗ್ ಕಂಪೈಲರಿನ ಥ್ರೆಡ್ ಸ್ಯಾನಿಟೈಸರ್ ಹಾಕಿ ಓಡಿಸಿ. ಯಾವ ಸಾಲಿನಲ್ಲಿ ಇಬ್ಬರು ಕೈಹಾಕಿದರೆಂದು ಅದೇ ತೋರಿಸುತ್ತದೆ.