ವಿಮರ್ಶಕರೂ ಪ್ರೇಕ್ಷಕರೂ ತಳ್ಳಿಹಾಕಿದ ಸಿನಿಮಾಗಳು ನನಗೇಕೆ ಇಷ್ಟ

ವಿಮರ್ಶಕರು ಒಂದೂವರೆ ಸ್ಟಾರ್ ಕೊಟ್ಟು, ಪ್ರೇಕ್ಷಕರೂ ಕೈಬಿಟ್ಟ ಸಿನಿಮಾಗಳನ್ನು ಮತ್ತೆ ಮತ್ತೆ ನೋಡಿ ಸಂತೋಷಪಡುವವರು ನಿಮ್ಮಂತೆ ಬೇರೆ ಯಾರಾದರೂ ಇದ್ದಾರೆಯೇ, ಹಾಗೆ ಸಂತೋಷಪಡುವುದು ಅಭಿರುಚಿಯ ಕೊರತೆಯೇ ಎಂದು ನೀವು ಕೇಳಿದ್ದೀರಿ. ಮೊದಲನೆಯ ಪ್ರಶ್ನೆಗೆ ಉತ್ತರ ಸುಲಭ: ನಾನಿದ್ದೇನೆ. ಎರಡನೆಯದಕ್ಕೆ ಸ್ವಲ್ಪ ವಿವರವಾಗಿಯೇ ಬರೆಯಬೇಕು. ಕೊರತೆಯಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿಬಿಟ್ಟರೆ ಆ ವಿಮರ್ಶಕರೂ ಪ್ರೇಕ್ಷಕರೂ ತಪ್ಪು ಮಾಡಿದರು ಎಂದಂತಾಗುತ್ತದೆ. ನನ್ನ ಅಭಿಪ್ರಾಯ ಹಾಗಿಲ್ಲ.

ಮೊದಲು ಈ ಅಂಕಗಳ ಲೆಕ್ಕಾಚಾರವನ್ನೇ ನೋಡೋಣ. ರಾಟನ್ ಟೊಮ್ಯಾಟೋಸ್ ತಾಣದಲ್ಲಿ ಕಾಣುವ ಶೇಕಡಾವಾರು ಸಂಖ್ಯೆ ಆ ಸಿನಿಮಾ ಎಷ್ಟು ಚೆನ್ನಾಗಿದೆ ಎಂಬುದನ್ನು ಹೇಳುವುದಿಲ್ಲ. ಬರೆದ ವಿಮರ್ಶಕರಲ್ಲಿ ಎಷ್ಟು ಮಂದಿ ಒಟ್ಟಾರೆ ಮೆಚ್ಚಿದರು ಎಂಬುದನ್ನಷ್ಟೇ ಹೇಳುತ್ತದೆ. ಎಲ್ಲರೂ ‘ಪರವಾಗಿಲ್ಲ, ಒಮ್ಮೆ ನೋಡಬಹುದು’ ಎಂದ ಸಿನಿಮಾಕ್ಕೆ 100 ಸಿಗಬಹುದು. ಅರ್ಧದಷ್ಟು ಜನ ಹುಚ್ಚಾಗಿ ಮೆಚ್ಚಿ ಉಳಿದರ್ಧ ಜನ ಸಿಡಿಮಿಡಿಗೊಂಡ ಸಿನಿಮಾಕ್ಕೆ 50 ಸಿಕ್ಕಿ, 60ರ ಗೆರೆ ದಾಟದ ಕಾರಣಕ್ಕೆ ಅದು ‘ಕೊಳೆತ’ ಸಿನಿಮಾಗಳ ಸಾಲಿಗೆ ಸೇರುತ್ತದೆ. ನಿಮಗೆ ಇಷ್ಟವಾದ ಸಿನಿಮಾ ಈ ಎರಡನೆಯ ಬಗೆಯದಾಗಿದ್ದರೆ ನೀವು ಒಂಟಿಯಲ್ಲ, ಆ ಮೆಚ್ಚಿದ ಅರ್ಧದಲ್ಲಿ ಒಬ್ಬರು. ನಮ್ಮಲ್ಲಿ ಟಿಕೆಟ್ ಮಾರುವ ಆ್ಯಪ್‌ಗಳಲ್ಲಿ ಕಾಣುವ ಪ್ರೇಕ್ಷಕರ ಅಂಕಗಳ ಕಥೆ ಇನ್ನೂ ಬೇರೆ. ಅಲ್ಲಿ ಒಬ್ಬ ತಾರೆಯ ಅಭಿಮಾನಿಗಳು ಹತ್ತಕ್ಕೆ ಹತ್ತು ಕೊಟ್ಟರೆ ಇನ್ನೊಬ್ಬ ತಾರೆಯ ಅಭಿಮಾನಿಗಳು ಒಂದು ಕೊಟ್ಟು ಹಗೆ ತೀರಿಸಿಕೊಳ್ಳುವುದು ಎಲ್ಲರಿಗೂ ಗೊತ್ತಿರುವ ಸಂಗತಿ.

ಆದರೆ ಸಂಖ್ಯೆಯ ದೋಷ ದೊಡ್ಡ ವಿಷಯವಲ್ಲ. ಅಂಕಗಳೆಲ್ಲ ಪ್ರಾಮಾಣಿಕವಾಗಿದ್ದರೂ ಅವು ದಾಖಲಿಸುವುದು ಒಂದು ನಿರ್ದಿಷ್ಟ ಕಾಲದಲ್ಲಿ, ಒಂದು ನಿರ್ದಿಷ್ಟ ನಿರೀಕ್ಷೆ ಹೊತ್ತು ಬಂದ ಜನರ ಅನುಭವವನ್ನು. ಆ ನಿರೀಕ್ಷೆ ಸಿನಿಮಾದ ರೀಲಿನಲ್ಲಿ ಇರುವುದಿಲ್ಲ. ಮುಂದೆ ಅದೇ ಸಿನಿಮಾವನ್ನು ನೋಡುವ ನಾನು ಅದನ್ನು ಹೊತ್ತು ಬರಬೇಕಾಗಿಯೂ ಇಲ್ಲ.

1987ರಲ್ಲಿ ಬಂದ ‘ಒಂದು ಮುತ್ತಿನ ಕಥೆ’ಯನ್ನು ತೆಗೆದುಕೊಳ್ಳಿ. ಶಂಕರ್ ನಾಗ್ ನಿರ್ದೇಶನದಲ್ಲಿ ಡಾ. ರಾಜ್‌ಕುಮಾರ್ ಅಭಿನಯಿಸಿದ ಒಂದೇ ಒಂದು ಸಿನಿಮಾ ಅದು. ಅಮೆರಿಕದ ಲೇಖಕ ಜಾನ್ ಸ್ಟೈನ್‌ಬೆಕ್ ಬರೆದ ಕಿರುಕಾದಂಬರಿಯೊಂದರ ಎಳೆ ಹಿಡಿದು, ಬಡ ಮೀನುಗಾರನ ಕೈಗೆ ಬೆಲೆಬಾಳುವ ಮುತ್ತು ಸಿಕ್ಕಿದ ಮೇಲೆ ಅವನ ಬದುಕು ಏನಾಗುತ್ತದೆ ಎಂಬುದನ್ನು ಅದು ಹೇಳುತ್ತದೆ. ಗಲ್ಲಾಪೆಟ್ಟಿಗೆಯಲ್ಲಿ ಅದು ಗೆಲ್ಲಲಿಲ್ಲ. ಅಣ್ಣಾವ್ರ ಸಿನಿಮಾ ಎಂದರೆ ನ್ಯಾಯಕ್ಕೆ ಜಯ ಸಿಗಲೇಬೇಕು, ಮನೆಮಂದಿಯೆಲ್ಲ ನಗುತ್ತ ಹೊರಬರಬೇಕು ಎಂದುಕೊಂಡು ಟಾಕೀಸಿಗೆ ಹೋದವರಿಗೆ, ಸಂಪತ್ತು ಬಂದ ಹಾಗೆಲ್ಲ ಭಯವೂ ಬೆಳೆಯುವ ಈ ಕಥೆ ಹಿಡಿಸದೇ ಇದ್ದದ್ದು ಸಹಜವೆಂದು ನನಗೆ ಅನ್ನಿಸುತ್ತದೆ. ನಾನು ಅದನ್ನು ನೋಡಿದ್ದು ಬಹಳ ತಡವಾಗಿ, ಟಿವಿಯಲ್ಲಿ. ಆ ಹೊತ್ತಿಗೆ ಅಣ್ಣಾವ್ರಿಂದ ನನಗೆ ಮತ್ತೊಂದು ವಿಜಯದ ಕಥೆ ಬೇಕಿರಲಿಲ್ಲ. ಅಂಥ ಮೇರುನಟ ಗೆಲ್ಲಲಾಗದ ಮನುಷ್ಯನೊಬ್ಬನ ಪಾತ್ರಕ್ಕೆ ಒಪ್ಪಿಕೊಂಡರಲ್ಲ ಎಂಬುದೇ ನನ್ನನ್ನು ಹಿಡಿದು ಕೂರಿಸಿತು.

ಇಂಥ ಸಿನಿಮಾಗಳನ್ನು ‘ಕಾಲಕ್ಕಿಂತ ಮುಂದಿದ್ದವು’ ಎಂದು ಸಮರ್ಥಿಸಿಕೊಳ್ಳುವುದು ಸುಲಭ. ನಿಮ್ಮ ಪ್ರಶ್ನೆಗೆ ನಿಜವಾಗಿ ಉತ್ತರ ಸಿಗುವುದು ಹಾಗೆ ಸಮರ್ಥಿಸಲಾಗದ ಸಿನಿಮಾಗಳಲ್ಲಿ. ನನಗೆ ಅಂಥದ್ದು 1991ರ ‘ಶಾಂತಿ ಕ್ರಾಂತಿ’. ‘ಪ್ರೇಮಲೋಕ’, ‘ರಣಧೀರ’ಗಳ ಯಶಸ್ಸಿನ ಬಳಿಕ ರವಿಚಂದ್ರನ್ ತಮ್ಮ ಬಳಿ ಇದ್ದದ್ದನ್ನೆಲ್ಲ ಸುರಿದು ಅದನ್ನು ಕನ್ನಡ, ತೆಲುಗು, ತಮಿಳು, ಹಿಂದಿ ಎಂದು ನಾಲ್ಕು ಭಾಷೆಗಳಲ್ಲಿ ಒಟ್ಟಿಗೆ ತೆಗೆದರು. ಕನ್ನಡಕ್ಕೆ ತಾವೇ ನಾಯಕ, ತೆಲುಗಿಗೆ ನಾಗಾರ್ಜುನ, ತಮಿಳು ಮತ್ತು ಹಿಂದಿಗೆ ರಜನಿಕಾಂತ್. ಪ್ಯಾನ್ ಇಂಡಿಯಾ ಎಂಬ ಮಾತು ಗಾಂಧಿನಗರದಲ್ಲಿ ಯಾರ ಬಾಯಲ್ಲೂ ಇಲ್ಲದಿದ್ದ ಕಾಲ ಅದು. ಡಬ್ಬಿಂಗ್ ಮಾಡಿ ಮುಗಿಸುವ ಬದಲು, ನಾಯಕನನ್ನು ಬದಲಿಸಿ ಅದೇ ದೃಶ್ಯವನ್ನು ಮತ್ತೆ ಚಿತ್ರೀಕರಿಸುವುದೆಂದರೆ ಎಷ್ಟು ಸೆಟ್, ಎಷ್ಟು ಕಾಲ್‌ಶೀಟ್, ಎಷ್ಟು ನೆಗೆಟಿವ್ ಬೇಕಾಗಿತ್ತೆಂಬುದನ್ನು ಯೋಚಿಸಿದರೆ ಇಂದಿಗೂ ತಲೆ ತಿರುಗುತ್ತದೆ. ಸಿನಿಮಾ ಮಕಾಡೆ ಮಲಗಿತು. ಅದೇ ವರ್ಷ ಬಂದ ‘ರಾಮಾಚಾರಿ’ ಗೆದ್ದದ್ದರಿಂದ ರವಿಚಂದ್ರನ್ ಮತ್ತೆ ಎದ್ದು ನಿಂತರು.

ಅದರ ದೋಷಗಳನ್ನು ನಾನು ಒಪ್ಪುತ್ತೇನೆ. ಕಥೆ ಒಂದೇ ಹದದಲ್ಲಿ ಸಾಗುವುದಿಲ್ಲ, ಹಾಡಿಗೂ ಹೊಡೆದಾಟಕ್ಕೂ ನಡುವಿನ ಬೆಸುಗೆ ಸಡಿಲ, ಮಕ್ಕಳ ಅಂಗಾಂಗ ಕದಿಯುವ ಜಾಲದಂಥ ಭೀಕರ ವಸ್ತುವಿನ ಪಕ್ಕದಲ್ಲೇ ಹಗುರಾದ ದೃಶ್ಯಗಳು ಬರುತ್ತವೆ. ದುಡ್ಡು ಕೊಟ್ಟು, ವರ್ಷಗಟ್ಟಲೆ ಪ್ರಚಾರ ಕೇಳಿ ಕಾದಿದ್ದ 1991ರ ಪ್ರೇಕ್ಷಕ ಬೇಸರಪಟ್ಟದ್ದು ಸರಿಯೇ. ಆದರೂ ಆ ಸಿನಿಮಾ ಹಾಕಿದರೆ ನಾನು ಎದ್ದು ಹೋಗುವುದಿಲ್ಲ. ಒಂದು ಕಾರಣ ಹಂಸಲೇಖ. ‘ಮಧ್ಯರಾತ್ರಿಲಿ ಹೈವೇ ರಸ್ತೆಲಿ’ ಹಾಡು ಸಿನಿಮಾ ಸೋತ ಮೇಲೂ ಸೋಲಲಿಲ್ಲ. ಆರ್ಕೆಸ್ಟ್ರಾ ವೇದಿಕೆಗಳಲ್ಲಿ ಅದು ಶುರುವಾದರೆ ಸಾಕು, ಹಿಂದಿನ ಸಾಲಿನವರೂ ಎದ್ದು ನಿಲ್ಲುತ್ತಾರೆ. ಇನ್ನೊಂದು ಕಾರಣ ಅನಂತ್ ನಾಗ್. ಹಿಂದಿನ ವರ್ಷವಷ್ಟೇ ‘ಗಣೇಶನ ಮದುವೆ’ಯಲ್ಲಿ ವಠಾರದ ಮಂದಿಯನ್ನೂ ನಮ್ಮನ್ನೂ ನಗಿಸಿದ್ದ ಅದೇ ಮನುಷ್ಯ ಇಲ್ಲಿ ‘ಡ್ಯಾಡಿ’ ಎಂಬ ಖಳನಾಯಕ. ನಮ್ಮ ಮನೆಯವರೇ ಎನ್ನಿಸುವ ಆ ಮುಖ, ಆ ಧ್ವನಿ ಕ್ರೌರ್ಯದ ಕಡೆಗೆ ತಿರುಗಿದಾಗ ಆಗುವ ಗಾಬರಿಯನ್ನು ಮೀಸೆ ತಿರುವುವ ಮಾಮೂಲಿ ಖಳನೊಬ್ಬ ಎಂದೂ ಕೊಡಲಾರ. ಸಿನಿಮಾ ಒಟ್ಟಾರೆ ಗೆದ್ದಿಲ್ಲ ಎಂಬ ಕಾರಣಕ್ಕೆ ಈ ಅಭಿನಯ ಇಲ್ಲವಾಗುವುದಿಲ್ಲವಲ್ಲ? ಅಂಕ ಕೊಡುವವರು ಇಡೀ ಸಿನಿಮಾಕ್ಕೆ ಒಂದೇ ಸಂಖ್ಯೆ ಕೊಡಬೇಕು. ಅದು ಅವರ ಕೆಲಸದ ಕಟ್ಟುಪಾಡು. ನೋಡುವವರಿಗೆ ಅಂಥ ಕಟ್ಟುಪಾಡಿಲ್ಲ.

ಹಿಂದಿಯಲ್ಲಿ ಇದಕ್ಕಿಂತ ಪ್ರಸಿದ್ಧವಾದ ಸೋಲು 1970ರ ‘ಮೇರಾ ನಾಮ್ ಜೋಕರ್’. ನಾಲ್ಕು ಗಂಟೆಗೂ ಮೀರಿದ ಅವಧಿ, ಎರಡು ಇಂಟರ್‌ವಲ್. ರಾಜ್ ಕಪೂರ್ ಆ ಪೆಟ್ಟಿನಿಂದ ಚೇತರಿಸಿಕೊಳ್ಳಲು 1973ರ ‘ಬಾಬಿ’ಯವರೆಗೆ ಕಾಯಬೇಕಾಯಿತು. ಇಂದು ಅದನ್ನು ಹೊಗಳುವವರು ಬಹಳ ಮಂದಿ ಇದ್ದಾರೆ. ನನಗಂತೂ ಅದು ಈಗಲೂ ಉದ್ದವೇ. ಮೂರನೆಯ ಅಧ್ಯಾಯ ಎಳೆದಂತಿದೆ. ಆದರೆ ಮೊದಲ ಅಧ್ಯಾಯವನ್ನು ಬಿಡಿಸಿ ನೋಡಿ. ಬಡ ಹುಡುಗ ರಾಜು, ಅವನು ಮನಸ್ಸಿನಲ್ಲೇ ಆರಾಧಿಸುವ ಶಿಕ್ಷಕಿ ಮೇರಿ. ಮೇರಿಗೆ ಮದುವೆಯಾಗುವ ಹೊತ್ತಿಗೆ ಹುಡುಗ ಕೊಡುವ ಉಡುಗೊರೆ ಒಂದು ಜೋಕರ್ ಗೊಂಬೆ. ಹೇಳಲಾಗದ್ದನ್ನೆಲ್ಲ ಆ ಗೊಂಬೆಯಲ್ಲಿಟ್ಟು ಒಪ್ಪಿಸುವಾಗ ಎಳೆಯ ರಿಷಿ ಕಪೂರ್ ಮುಖದಲ್ಲಿ ನಗುವೂ ಇದೆ, ಅಳುವೂ ಇದೆ, ಎರಡನ್ನೂ ತಡೆದು ಹಿಡಿಯಬೇಕೆಂಬ ಹಟವೂ ಇದೆ. ಬಾಲನಟನೆಂದು ಅವರಿಗೆ ರಾಷ್ಟ್ರಪ್ರಶಸ್ತಿ ಬಂದದ್ದು ಇದೇ ಪಾತ್ರಕ್ಕೆ. ಈ ಒಂದು ಅಧ್ಯಾಯಕ್ಕಾಗಿ ಉಳಿದ ಉದ್ದವನ್ನೆಲ್ಲ ಸಹಿಸಲು ನಾನು ಸಿದ್ಧ.

ತೀರ್ಪುಗಳೂ ಬದಲಾಗುತ್ತವೆ. ಅಮೆರಿಕದಲ್ಲಿ ವರ್ಷದ ಅತಿ ಕಳಪೆ ಕೆಲಸಗಳಿಗೆ ರಾಝಿ ಎಂಬ ಪ್ರಶಸ್ತಿ ಕೊಡುತ್ತಾರೆ. 1981ರಲ್ಲಿ ಅದು ಆರಂಭವಾದಾಗ ‘ದಿ ಶೈನಿಂಗ್’ ಸಿನಿಮಾಕ್ಕಾಗಿ ಸ್ಟ್ಯಾನ್ಲಿ ಕ್ಯೂಬ್ರಿಕ್ ಅವರನ್ನು ಅತಿ ಕಳಪೆ ನಿರ್ದೇಶಕರ ಪಟ್ಟಿಗೂ, ನಟಿ ಶೆಲ್ಲಿ ಡುವಾಲ್ ಅವರನ್ನು ಅತಿ ಕಳಪೆ ನಟಿಯರ ಪಟ್ಟಿಗೂ ಸೇರಿಸಿದ್ದರು. ಡುವಾಲ್ ಅವರ ಹೆಸರನ್ನು 2022ರಲ್ಲಿ ಸಂಘಟಕರೇ ಹಿಂತೆಗೆದುಕೊಂಡರು. ಅಷ್ಟು ವರ್ಷಗಳಲ್ಲಿ ಆ ಸಿನಿಮಾದ ಒಂದು ಫ್ರೇಮೂ ಬದಲಾಗಿರಲಿಲ್ಲ.

ಕಳಪೆ ಸಿನಿಮಾವನ್ನು ಗೇಲಿ ಮಾಡಿ ನಗುವುದಕ್ಕೆಂದೇ ನೋಡುವ ಇನ್ನೊಂದು ಬಗೆಯ ಸಂತೋಷವೂ ಇದೆ. 2003ರ ‘ದಿ ರೂಮ್’ ಪ್ರದರ್ಶನಗಳಲ್ಲಿ ಪ್ರೇಕ್ಷಕರು ಪರದೆಯತ್ತ ಪ್ಲಾಸ್ಟಿಕ್ ಚಮಚ ಎಸೆಯುವುದು ಒಂದು ಸಂಪ್ರದಾಯವೇ ಆಗಿದೆ. ಅದು ನನಗೆ ಒಗ್ಗದು, ನೀವು ಕೇಳಿದ್ದೂ ಅದನ್ನಲ್ಲವೆಂದು ಭಾವಿಸುತ್ತೇನೆ. ದುಡಿದವರ ಶ್ರಮವನ್ನು ಕಂಡು ಮೆಚ್ಚುವುದು ಬೇರೆ, ಅವರ ಅಸಹಾಯಕತೆಯನ್ನು ಕಂಡು ನಗುವುದು ಬೇರೆ.

ಒಂದು ಅಭ್ಯಾಸವನ್ನು ಮಾತ್ರ ನಿಮಗೆ ಸೂಚಿಸಬಯಸುತ್ತೇನೆ. ಸ್ಟಾರ್ ಎಣಿಸಿ ಬಿಟ್ಟುಬಿಡಬೇಡಿ. ತೀರಾ ಕಟುವಾದ ವಿಮರ್ಶೆಯನ್ನೇ ಆರಿಸಿ ಪೂರ್ತಿ ಓದಿ. ‘ಹಾಡುಗಳು ಅತಿಯಾದವು’, ‘ದ್ವಿತೀಯಾರ್ಧದಲ್ಲಿ ಕಥೆ ನಿಂತೇಹೋಗುತ್ತದೆ’, ‘ಭಾವುಕತೆ ಮಿತಿಮೀರಿದೆ’ ಎಂದು ಬರೆದಿದ್ದರೆ ನಾನು ಆ ಸಿನಿಮಾವನ್ನು ಖಂಡಿತ ನೋಡುತ್ತೇನೆ, ಏಕೆಂದರೆ ಆ ಮೂರೂ ನನಗೆ ಇಷ್ಟ. ಬರೆದವರು ಪ್ರಾಮಾಣಿಕರಾಗಿದ್ದರೆ ಅವರ ದೂರಿನಲ್ಲೇ ನನಗೆ ಬೇಕಾದ ಸುಳಿವು ಇರುತ್ತದೆ. ಆದರೆ ‘ಹೆಣ್ಣನ್ನು ಹಿಂಬಾಲಿಸಿ ಪೀಡಿಸುವುದನ್ನೇ ಪ್ರೇಮವೆಂದು ತೋರಿಸಿದ್ದಾರೆ’ ಎಂಬಂಥ ಆಕ್ಷೇಪವಿದ್ದರೆ ಅದನ್ನು ರುಚಿಭೇದವೆಂದು ತಳ್ಳಿಹಾಕುವುದಿಲ್ಲ. ಅಂಥ ಸಿನಿಮಾದ ಹಾಡನ್ನು ಮೆಚ್ಚಿದರೂ ಆ ಆಕ್ಷೇಪವನ್ನು ಮನಸ್ಸಿನಲ್ಲಿಟ್ಟುಕೊಂಡೇ ನೋಡುತ್ತೇನೆ.

ಗೆಳೆಯರು ‘ಆ ಡಬ್ಬಾ ಸಿನಿಮಾ ನಿನಗೆ ಹೇಗೆ ಹಿಡಿಸಿತು?’ ಎಂದು ಕೇಳಿದಾಗ ಅದು ಶ್ರೇಷ್ಠ ಸಿನಿಮಾ ಎಂದು ವಾದಕ್ಕಿಳಿಯಬೇಡಿ. ಯಾವ ದೃಶ್ಯ, ಯಾವ ಹಾಡು, ಯಾರ ಅಭಿನಯ ಹಿಡಿಸಿತು ಎಂಬುದನ್ನು ಬಿಡಿಸಿ ಹೇಳಿ, ಸಾಧ್ಯವಾದರೆ ಆ ದೃಶ್ಯವನ್ನು ಅಲ್ಲೇ ಹಾಕಿ ತೋರಿಸಿ. ಅವರೂ ಮೆಚ್ಚಿದರೆ ಒಳ್ಳೆಯದು, ಮೆಚ್ಚದಿದ್ದರೆ ಮಾತು ಅಲ್ಲಿಗೇ ಬಿಡಬಹುದು.