ಅರಬ್ಬಿ ಬಾರದ ಹುಡುಗನಿಗೆ ಇಡೀ ಕುರಾನ್ ನೆನಪಿರುವುದು ಹೇಗೆ?

ಪ್ರಶ್ನೆ: ನಾನು ಇತಿಹಾಸದಲ್ಲಿ ಎಂ.ಎ. ಮಾಡುತ್ತಿದ್ದೇನೆ. ಇಸ್ಲಾಂ ಅಧ್ಯಯನಕ್ಕೆ ಈಗ ಕಾಗ್ನಿಟಿವ್ ಸೈನ್ಸ್ (ಮನಸ್ಸು ಹೇಗೆ ಕೆಲಸ ಮಾಡುತ್ತದೆ ಎಂದು ನೋಡುವ ವಿಜ್ಞಾನ) ಬಳಸುತ್ತಾರಂತೆ. ನಂಬಿಕೆಯೆಲ್ಲ ಮೆದುಳಿನ ಆಟ ಅಂತ ತಳ್ಳಿಹಾಕುವುದಕ್ಕಾ ಇದು? ನಮ್ಮ ಪಕ್ಕದ ಮನೆಯ ಹುಡುಗ ಅರಬ್ಬಿ ಅರ್ಥ ಗೊತ್ತಿಲ್ಲದೆಯೇ ಹಾಫಿಜ್ (ಇಡೀ ಕುರಾನ್ ಬಾಯಿಪಾಠ ಮಾಡಿದವನು) ಆಗಿದ್ದಾನೆ. ಅದನ್ನು ಈ ವಿಜ್ಞಾನ ವಿವರಿಸುತ್ತದೆಯೇ?

ಉತ್ತರ: ಪಕ್ಕದ ಮನೆಯ ಹುಡುಗನಿಂದಲೇ ಶುರು ಮಾಡೋಣ. ಈ ವಿಜ್ಞಾನಕ್ಕೆ ಸುಲಭವಾಗಿ ಕೈಗೆ ಸಿಗುವ ವಿಷಯ ಅದು.

ಕುರಾನಿನಲ್ಲಿ 114 ಸೂರಾಗಳು, ಅಂದರೆ ಅಧ್ಯಾಯಗಳು; ಆರು ಸಾವಿರಕ್ಕೂ ಜಾಸ್ತಿ ಆಯತ್‌ಗಳು, ಅಂದರೆ ವಚನಗಳು. ನಮ್ಮ ಮದರಸಾಗಳಲ್ಲಿ ಹಿಫ್ಜ್ (ಕುರಾನ್ ಬಾಯಿಪಾಠ) ಮಾಡುವ ಮಕ್ಕಳು ದಿನಕ್ಕೆ ಮೂರು ಬಗೆಯ ಪಾಠ ಒಪ್ಪಿಸುತ್ತಾರೆ. ಹೊಸ ಪಾಠ ಸಬಕ್. ಈಚೆಗೆ ಕಲಿತದ್ದು ಸಬಕಿ. ಹಳೆಯ ಭಾಗಗಳನ್ನು ಸರದಿಯಂತೆ ಒಪ್ಪಿಸುವುದು ಮಂಜಿಲ್. ಎಲ್ಲವನ್ನೂ ಉಸ್ತಾದರ (ಗುರುಗಳ) ಮುಂದೆ, ನೋಡದೆ ಹೇಳಬೇಕು. ಬಿಡುವು ಕೊಟ್ಟು ಕಲಿತದ್ದು ಚೆನ್ನಾಗಿ ಉಳಿಯುತ್ತದೆ ಅಂತ ಜರ್ಮನಿಯ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ 1885ರಲ್ಲೇ ಬರೆದಿದ್ದರು. ಮತ್ತೆ ಮತ್ತೆ ಓದುವುದಕ್ಕಿಂತ ನೋಡದೆ ನೆನಪಿಸಿಕೊಂಡರೆ ಹೆಚ್ಚು ದಿನ ನಿಲ್ಲುತ್ತದೆ ಅಂತ ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ತೋರಿಸಿದರು. ಮದರಸಾದಲ್ಲಿ ಇವೆರಡೂ ದಿನನಿತ್ಯದ ಪಾಠ.

ನನಗೆ ಇನ್ನೂ ಕುತೂಹಲ ಇರುವುದು ಎಡವುವ ಜಾಗಗಳ ಬಗ್ಗೆ. ಒಂದನ್ನೊಂದು ಹೋಲುವ ಆಯತ್‌ಗಳು ಹಾಫಿಜರಿಗೆ ದೊಡ್ಡ ತಲೆನೋವು. ಅವನ್ನು ಮುತಶಾಬಿಹಾತ್ ಅನ್ನುತ್ತಾರೆ. ಸೂರಾ ರಹ್ಮಾನ್‌ನಲ್ಲಿ ಒಂದೇ ಸಾಲು 31 ಸಲ ಬರುತ್ತದೆ. ಪ್ರತಿ ಸಲವೂ ಮುಂದಿನದು ಬೇರೆ! ಇನ್ನೊಂದು ಜೋಡಿ ನೋಡಿ. ಬಡತನದಿಂದ ಮಕ್ಕಳನ್ನು ಕೊಲ್ಲಬೇಡಿ ಎನ್ನುವ ಮಾತು ಆರನೇ ಸೂರಾದಲ್ಲೂ ಇದೆ, ಹದಿನೇಳನೆಯದರಲ್ಲೂ ಇದೆ. ಒಂದರಲ್ಲಿ ‘ನಿಮಗೂ ಅವರಿಗೂ ಅನ್ನ ಕೊಡುವವರು ನಾವೇ’ ಅಂತ. ಇನ್ನೊಂದರಲ್ಲಿ ‘ಅವರಿಗೂ ನಿಮಗೂ’. ಅರ್ಥ ಬಲ್ಲವನಿಗೆ ಇಲ್ಲೊಂದು ಆಸರೆ ಉಂಟು. ಮೊದಲನೆಯದು ಈಗಾಗಲೇ ಬಡತನದಲ್ಲಿ ಇರುವವರ ಮಾತು, ಹಾಗಾಗಿ ‘ನಿಮಗೆ’ ಮುಂದೆ. ಎರಡನೆಯದರಲ್ಲಿ ಮಕ್ಕಳಾದರೆ ಬಡತನ ಬಂದೀತು ಎಂಬ ಭಯ, ಹಾಗಾಗಿ ‘ಅವರಿಗೆ’ ಮುಂದೆ. ಕುರಾನ್ ವ್ಯಾಖ್ಯಾನಕಾರರು ಬಹಳ ಹಿಂದೆಯೇ ಈ ವಿವರಣೆ ಕೊಟ್ಟಿದ್ದಾರೆ. ಅರ್ಥ ಗೊತ್ತಿಲ್ಲದ ಹುಡುಗ ಮಾತ್ರ ದನಿಯನ್ನೂ, ಆ ಸಾಲು ಪುಟದಲ್ಲಿ ಎಲ್ಲಿತ್ತು ಎಂಬ ಚಿತ್ರವನ್ನೂ ನೆಚ್ಚಬೇಕು. ಹಿಫ್ಜ್‌ಗೆ ಕೊನೆತನಕ ಒಂದೇ ಮುದ್ರಣದ ಪ್ರತಿ ಇಟ್ಟುಕೊಳ್ಳಿ ಅಂತ ಉಸ್ತಾದರು ಹೇಳುವುದು ಸುಮ್ನೆ ಅಲ್ಲ.

ಇಷ್ಟೆಲ್ಲ ಮಾಡಿದರೂ ಮರೆವು ಬಂದೇ ಬರುತ್ತದೆ. ಅದಕ್ಕೇ ರಂಜಾನಿನ ರಾತ್ರಿಯ ತರಾವೀಹ್ ನಮಾಜಿನಲ್ಲಿ ಇಮಾಮರ ಹಿಂದೆ ಇನ್ನೊಬ್ಬ ಹಾಫಿಜ್ ನಿಂತಿರುತ್ತಾರೆ. ತಪ್ಪಿದಲ್ಲಿ ಲುಕ್ಮಾ ಕೊಟ್ಟು, ಅಂದರೆ ಸರಿಯಾದ ಮಾತನ್ನು ಹೇಳಿಕೊಟ್ಟು, ಸರಿ ದಾರಿಗೆ ತರುತ್ತಾರೆ. ಮರೆವಿಗೆ ಮದ್ದನ್ನು ಆಚರಣೆಯೊಳಗೇ ಇಟ್ಟಿದ್ದಾರೆ, ಅಲ್ವಾ?

ಈಗ ನಿಮ್ಮ ಮೊದಲ ಅನುಮಾನ. ಕುರಾನ್ ದೇವರ ಮಾತೇ ಎಂಬ ಪ್ರಶ್ನೆಗೆ ಈ ವಿಜ್ಞಾನ ಕೈ ಹಾಕುವುದಿಲ್ಲ, ಹಾಕಲೂಬಾರದು. ನಂಬಿಕೆ ಮನಸ್ಸಿನಲ್ಲಿ ಹೇಗೆ ಉಳಿಯುತ್ತದೆ, ಯಾವಾಗ ಮುಂದೆ ಬರುತ್ತದೆ ಎನ್ನುವುದಷ್ಟೇ ಅದರ ಕೆಲಸ. 2015ರಲ್ಲಿ ಪ್ರಕಟವಾದ ಒಂದು ಪ್ರಯೋಗ ಮೊರಾಕ್ಕೊದ ಮರಕೆಶ್ ಪೇಟೆಯಲ್ಲಿ ನಡೆದಿತ್ತು. ಆಜಾನ್ (ನಮಾಜಿನ ಕರೆ) ಕೇಳಿಸುತ್ತಿದ್ದಾಗ ಅಂಗಡಿಯವರು ಹಣವನ್ನು ದಾನಕ್ಕೆ ಬಿಟ್ಟುಕೊಡುವುದು ಹೆಚ್ಚಿತ್ತು. ಬೇರೆ ಹೊತ್ತಿನಲ್ಲಿ ಅಷ್ಟಿರಲಿಲ್ಲ. ಅಂಗಡಿಯವರ ನಂಬಿಕೆ ಗಂಟೆಗೊಮ್ಮೆ ಬದಲಾಗುತ್ತದೆ ಅಂತ ಇದರರ್ಥವಲ್ಲ. ಆ ಹೊತ್ತಿಗೆ ಅದು ನೆನಪಿನ ಮುಂಬಾಗಿಲಿಗೆ ಬಂದಿತ್ತು, ಅಷ್ಟೇ.

ಒಂದು ಎಚ್ಚರಿಕೆ. ಧರ್ಮದ ಬಗ್ಗೆ ಈ ಕ್ಷೇತ್ರದ ಎಷ್ಟೋ ಸಿದ್ಧಾಂತಗಳು ನಿಂತಿರುವುದು ಅಮೆರಿಕದ ಕಾಲೇಜು ಹುಡುಗರ ಮೇಲೆ ಮಾಡಿದ ಪ್ರಯೋಗಗಳ ಮೇಲೆ. ಅವನ್ನು ಎತ್ತಿ ಕಲಬುರಗಿಗೋ ಕೈರೋಗೋ ಹಾಗೇ ಅಂಟಿಸಬೇಡಿ.

ಸಣ್ಣ ಪ್ರಬಂಧ ಬರೆಯುವುದಾದರೆ ಹೀಗೆ ಮಾಡಿ. ಅರಬ್ಬಿ ಬಲ್ಲ ಕೆಲವು ಹಾಫಿಜರನ್ನೂ, ಬಾರದ ಕೆಲವರನ್ನೂ ಮಾತಾಡಿಸಿ. ಎಷ್ಟು ತಪ್ಪಾಗುತ್ತದೆ ಅಂತ ಕೇಳಿ ಸುಮ್ಮನಾಗಬೇಡಿ. ಯಾವ ಆಯತ್ ಹೇಳುವಾಗ ಯಾವ ಆಯತ್‌ಗೆ ಜಾರಿಬಿಡುತ್ತಾರೆ ಅಂತ ಬರೆದುಕೊಳ್ಳಿ.